ಟೆರಿಯರ್ ಕೂದಲಿಗೆ ಯಂತ್ರ ಬೇಡ, ಬೆರಳೇ ಸಾಕು

ಮುಂಬಯಿ ಕಡೆಯ ಡೊಂಬಿವಲಿಯಾಗಲಿ ಮುಲುಂಡ್ ಆಗಲಿ, ವೈರ್ ಫಾಕ್ಸ್ ಟೆರಿಯರ್ ನಾಯಿ ಸಾಕಿದ ನಮ್ಮವರ ದೂರು ಹೆಚ್ಚುಕಡಿಮೆ ಒಂದೇ: ‘ತಂದಾಗ ಬಣ್ಣ ಎಷ್ಟು ಗಾಢವಾಗಿತ್ತು! ನಾಲ್ಕು ಸಲ ಪಾರ್ಲರ್‌ಗೆ ಹೋಗಿ ಬಂದದ್ದೇ, ಮಾಸಿದ ಹತ್ತಿಯಾಯಿತು.’ ತಪ್ಪು ನಾಯಿಯದಲ್ಲ, ಟ್ರಿಮ್ಮರ್ ಯಂತ್ರದ್ದು.

ಈ ತಳಿಯ ಮೈಮೇಲೆ ಎರಡು ಪದರ ಕೂದಲಿರುತ್ತದೆ. ಮೇಲಿನದು ತೆಂಗಿನ ನಾರಿನಂತೆ ಒರಟು, ಒಳಗಿನದು ಮೆತ್ತಗೆ. ಮೇಲಿನ ಕೂದಲು ಬಲಿತು ಸತ್ತರೂ ತಾನಾಗಿ ಪೂರ್ತಿ ಉದುರುವುದಿಲ್ಲ; ಬುಡ ಸಡಿಲಗೊಂಡು ಅಲ್ಲೇ ಅಂಟಿಕೊಂಡಿರುತ್ತದೆ. ಅದನ್ನು ಕಿತ್ತರೆ ಹೊಸ ಒರಟು ಕೂದಲು ಹುಟ್ಟುತ್ತದೆ. ಕತ್ತರಿಸಿದರೆ ಗಾಢ ಬಣ್ಣದ ತುದಿ ಹೋಗಿ, ಸತ್ತ ಬುಡ ಉಳಿದು, ಮೆತ್ತನೆಯದೇ ಮೇಲುಗೈ ಪಡೆಯುತ್ತದೆ. ಇಂಗ್ಲೆಂಡಿನಲ್ಲಿ ನರಿಯ ಬಿಲಕ್ಕೆ ನುಗ್ಗುತ್ತಿದ್ದ ನಾಯಿಗೆ ಮುಳ್ಳು, ಮಳೆಯಿಂದ ರಕ್ಷಣೆ ಕೊಡುತ್ತಿದ್ದುದು ಈ ಒರಟುತನವೇ. ಮುಂಬಯಿಯಲ್ಲಿ ನರಿಬೇಟೆ ಇಲ್ಲದಿದ್ದರೂ ಮಳೆ ಧಾರಾಳವಾಗಿದೆ. ಏರ್‌ಡೇಲ್, ವೆಲ್ಷ್, ಐರಿಷ್, ಬಾರ್ಡರ್ ಟೆರಿಯರ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಹಾಗಾಗಿ ಲೆಕ್ಕವನ್ನು ಮಳೆಯಿಂದ ಹಿಂದಕ್ಕೆ ಹಾಕಬೇಕು. ಮುಂಬಯಿಗೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 11. ಕಿತ್ತ ಮೇಲೆ ಹೊಸ ಕೂದಲು ತುಂಬಿಕೊಳ್ಳಲು ಸುಮಾರು 8ರಿಂದ 12 ವಾರ ಬೇಕು. ಎಂದರೆ ಏಪ್ರಿಲ್ ಮೊದಲ ವಾರದೊಳಗೆ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ.

ಕೀಳುವ ಮುನ್ನ ಒಂದು ವಾರ ಸ್ನಾನ ಮಾಡಿಸಬೇಡಿ, ತೊಳೆದ ಕೂದಲು ಜಾರುತ್ತದೆ. ಜಾರದ ಮ್ಯಾಟ್ ಹಾಸಿದ ಮೇಜಿನ ಮೇಲೆ ನಾಯಿಯನ್ನು ನಿಲ್ಲಿಸಿ, ಸ್ಟೀಲ್ ಬಾಚಣಿಗೆಯಿಂದ ಗಂಟು ಬಿಡಿಸಿ. ನೋಟು ಎಣಿಸುವವರು ಬೆರಳಿಗೆ ಹಾಕಿಕೊಳ್ಳುವ ರಬ್ಬರ್ ಟೋಪಿ ಸಿಕ್ಕರೆ ಹಿಡಿತಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ; ಸೀಮೆಸುಣ್ಣದ ಪುಡಿಯೂ ಆದೀತು. ನೆಲಕ್ಕೆ ಹಳೆಯ ಪತ್ರಿಕೆ ಹಾಸಿ. ಈ ಪುರವಣಿಯನ್ನೇ ಹಾಸಿದರೂ ನಮಗೆ ಬೇಸರವಿಲ್ಲ.

ಮೊದಲು ಬೆನ್ನಿನ ನಾಲ್ಕು ಕೂದಲು ಎಳೆದು ನೋಡಿ. ಸಲೀಸಾಗಿ ಬಂದರೆ ಬಲಿತಿದೆ ಎಂದರ್ಥ. ನಾಯಿ ಬೆಚ್ಚಿದರೆ ಎರಡು ವಾರ ಬಿಟ್ಟು ನೋಡಿ. ಬಲಿತಿದ್ದರೆ, ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಹಿಡಿದು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಕೆಲವೇ ಕೂದಲ ತುದಿ ಹಿಡಿದು, ಅದು ಬೆಳೆದ ದಿಕ್ಕಿಗೇ ಎಳೆಯಿರಿ. ಮಣಿಕಟ್ಟು ಬಾಗಬಾರದು, ತೋಳಿನಿಂದ ಎಳೆಯಬೇಕು. ಒಮ್ಮೆಗೇ ಮುಷ್ಟಿ ತುಂಬ ಹಿಡಿಯುವವರ ಬಳಿಗೆ ನಾಯಿ ಮತ್ತೆ ಬರುವುದಿಲ್ಲ. ಕತ್ತಿನ ಹಿಂಭಾಗದಿಂದ ಆರಂಭಿಸಿ ಬೆನ್ನು, ಪಕ್ಕೆ, ತೊಡೆಯ ಹೊರಬದಿಗೆ ಬನ್ನಿ. ಗಡ್ಡ, ಹುಬ್ಬು, ಕಾಲಿನ ಕೂದಲು ತಳಿಯ ಲಕ್ಷಣ, ಅವನ್ನು ತುಸುವೇ ಒಪ್ಪಮಾಡಿದರೆ ಸಾಕು. ಗಂಟಲು, ಹೊಟ್ಟೆ, ತೊಡೆಸಂದಿಗಳ ಚರ್ಮ ತೆಳು. ಅಲ್ಲಿ ಮಾತ್ರ ಕತ್ತರಿ ಬಳಸಿ. ದಿನಕ್ಕೆ ಅರ್ಧ ಗಂಟೆಯಂತೆ ಒಂದು ವಾರದಲ್ಲಿ ಮುಗಿಸಿ. ಚರ್ಮ ಕೆಂಪಾದರೆ ಅಲ್ಲಿಗೇ ನಿಲ್ಲಿಸಿ.

ಮುಗಿದಾಗ ನಾಯಿ ಬಡಕಲಾಗಿ ಕಾಣುತ್ತದೆ. ಲಿಫ್ಟಿನಲ್ಲಿ ಸಿಕ್ಕವರು ‘ಹುಷಾರಿಲ್ಲವೇ?’ ಎಂದು ಕೇಳಿಯೇ ಕೇಳುತ್ತಾರೆ. ಕೂದಲು ಬರುವವರೆಗೆ ನಡುಹಗಲ ಬಿಸಿಲಿಗೆ ಕರೆದೊಯ್ಯಬೇಡಿ.

ಮುದಿ ನಾಯಿ, ಚರ್ಮರೋಗವಿರುವ ನಾಯಿ, ಸಂತಾನಹರಣ ಚಿಕಿತ್ಸೆಯ ನಂತರ ಕೂದಲು ಉಣ್ಣೆಯಾದ ನಾಯಿ, ಇವಕ್ಕೆ ಯಂತ್ರವೇ ಸರಿ. ಅಲ್ಲಿ ಹಟ ಬೇಡ.

ಮಳೆಗಾಲದಲ್ಲಿ ಗಡ್ಡ, ಕಾಲು, ಬೆರಳ ಸಂದಿಗಳನ್ನು ಪ್ರತಿ ಸುತ್ತಾಟದ ನಂತರ ಪೂರ್ತಿ ಒಣಗಿಸಿ, ಕಿವಿಯ ಹಿಂದೆ ಉಣ್ಣೆಹುಳು ಇದೆಯೇ ನೋಡಿ. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್‌ಗಳಲ್ಲಿ ನಿಲ್ಲುವಂಥ ನೀರಿಗೆ ನಾಯಿಯನ್ನು ಇಳಿಸಲೇಬೇಡಿ. ಇಲಿಯ ಮೂತ್ರ ಬೆರೆತ ಆ ನೀರಿನಿಂದ ನಾಯಿಗೂ ನಿಮಗೂ ಲೆಪ್ಟೊಸ್ಪೈರೋಸಿಸ್ ತಗಲಬಹುದು. ನಾಯಿಗೆ ಅದರ ಲಸಿಕೆ ಇದೆ, ವರ್ಷಕ್ಕೊಮ್ಮೆ ಹಾಕಿಸಬೇಕು. ಮುಂಗಾರಿಗೆ ಮೊದಲೇ ಪಶುವೈದ್ಯರನ್ನು ಕಾಣಿರಿ.