ಗೋಡೆಗೆ ಬೆನ್ನು ಕೊಟ್ಟು ಕರ್ಲ್: ರೆಕಾರ್ಡ್ ಹಾಕೋದು ಹೀಗೆ

ಕರ್ಲ್ ಅಂದ್ರೆ ನಿಂತ್ಕೊಂಡು ಮೊಣಕೈ ಮಡಚಿ ರಾಡ್‌ನ ತೊಡೆ ಹತ್ರದಿಂದ ಭುಜದವರೆಗೆ ಎತ್ತೋದು. ‘ನಾನು ಐವತ್ತು ಕೆಜಿ ಕರ್ಲ್ ಹೊಡೀತೀನಿ’ ಅನ್ನೋರು ಪ್ರತಿ ಜಿಮ್‌ನಲ್ಲೂ ಸಿಗ್ತಾರೆ, ಅವ್ರನ್ನ ಗೋಡೆಗೆ ಒರಗಿಸಿ ನಿಲ್ಸಿ ಅದೇ ರಾಡ್ ಕೊಟ್ರೆ ಅರ್ಧಕ್ಕೇ ನಿಂತೋಗುತ್ತೆ, ಯಾಕಂದ್ರೆ ಅಷ್ಟು ದಿನ ಎತ್ತಿದ್ದು ರಟ್ಟೆ ಅಲ್ಲ, ಸೊಂಟ. ಕೆಲವು ಪವರ್‌ಲಿಫ್ಟಿಂಗ್ ಫೆಡರೇಷನ್‌ಗಳು ಗೋಡೆಗೆ ಒರಗಿ ಎತ್ತೋ ಸ್ಟ್ರಿಕ್ಟ್ ಕರ್ಲ್ ಅಂತ ಬೇರೆ ಈವೆಂಟ್ ಇಟ್ಟಿರೋದೇ ಈ ಸೊಂಟದಾಟ ನಿಲ್ಸೋಕೆ. ರಷ್ಯಾದ ಆರ್ಮ್ ರೆಸ್ಲರ್ ಡೆನಿಸ್ ಸಿಪ್ಲೆಂಕೊವ್ ಇದ್ರಲ್ಲಿ 113 ಕೆಜಿ ಎತ್ತಿದ್ದಾರೆ, ನಮ್ದು ನಲವತ್ತಾದ್ರೂ ಸರಿ, ಸಾಚಾ ಆಗಿರ್ಬೇಕು.

ಮೊದಲು ರಾಡ್ ತೂಗಿ. ಉದ್ದದ ಒಲಿಂಪಿಕ್ ರಾಡ್ 20 ಕೆಜಿ ಇರುತ್ತೆ, ಆದ್ರೆ ಝಿಗ್‌ಝಾಗ್ ರಾಡ್ ಕಂಪನಿಗೊಂದು ತೂಕ, ಅಂದಾಜಲ್ಲಿ ಬರ್ಕೊಂಡ್ರೆ ಲೆಕ್ಕ ಎಲ್ಲ ಎಕ್ಕುಟ್ಟೋಗುತ್ತೆ. ಮಣಿಕಟ್ಟು ನೋಯೋರಿಗೆ ಝಿಗ್‌ಝಾಗೇ ವಾಸಿ.

ಈಗ ನಿಲ್ಲೋದು. ಹಿಮ್ಮಡಿ ಗೋಡೆಯಿಂದ ಒಂದಡಿ ಒಳಗೆ, ಮಂಡಿ ನೆಟ್ಟಗೆ, ಕುಂಡಿ ಮತ್ತೆ ಭುಜದ ಹಿಂಭಾಗ ಗೋಡೆಗೆ ಅಂಟಿರ್ಬೇಕು. ಕುಂಡಿ ಹಿಂದೆ ಒಂದು, ಭುಜದ ಹಿಂದೆ ಒಂದು ಪೇಪರ್ ಚೂರು ಸಿಗಿಸ್ಕೊಳ್ಳಿ, ಎತ್ತೋವಾಗ ಯಾವುದು ಕೆಳಗೆ ಬಿದ್ರೂ ಆ ಲಿಫ್ಟ್ ಕ್ಯಾನ್ಸಲ್, ಫ್ರೆಂಡ್ ಎಷ್ಟೇ ‘ಪರವಾಗಿಲ್ಲ ಬಿಡೋ ಮಗಾ’ ಅಂದ್ರೂ ಸರಿ.

ಕೈ ಪೂರ್ತಿ ನೆಟ್ಟಗೆ ಇಳಿಬಿಟ್ಟು, ರಾಡ್ ಅಲ್ಲಾಡೋದು ನಿಂತ ಮೇಲೆ ಫ್ರೆಂಡ್ ಸಿಗ್ನಲ್ ಕೊಡ್ಲಿ, ಆಮೇಲೆ ಎತ್ತಿ. ಮುಂಗೈ ನೆಲಕ್ಕೆ ಸಮ ಬಂದಾಗ್ಲೇ ಜೀವ ಬಾಯಿಗೆ ಬರೋದು, ಅಲ್ಲಿ ಭಾರ ಮೊಣಕೈಯಿಂದ ಅತೀ ದೂರ ಇರುತ್ತೆ, ಎಲ್ರೂ ಭುಜ ಮುಂದೆ ತಳ್ಳೋದೂ ಅಲ್ಲೇ. ಮಣಿಕಟ್ಟು ಹಿಂದಕ್ಕೆ ಬಾಗೋಕೆ ಬಿಡ್ಬೇಡಿ, ರಾಡ್ ಒಂದ್ಸಲ ಕೆಳಗೆ ಜಾರಿದ್ರೆ ಅದೂ ಫೌಲ್. ಮೇಲೆ ತಲುಪಿ, ಫ್ರೆಂಡ್ ‘ಡೌನ್’ ಅನ್ನೋವರೆಗೂ ಹಿಡ್ಕೊಂಡಿರಿ.

ತೂಕ ಏರಿಸೋದ್ರಲ್ಲಿ ದುರಾಸೆ ಬೇಡ. ನಿಮ್ಮ ಬೆಸ್ಟ್ 40 ಕೆಜಿ ಅಂದ್ಕೊಳ್ಳಿ: ಖಾಲಿ ರಾಡಲ್ಲಿ ಎಂಟು ಸಲ, 25ರಲ್ಲಿ ಮೂರು, 30ರಲ್ಲಿ ಎರಡು, 35ರಲ್ಲಿ ಒಂದು, ಅಷ್ಟೇ ವಾರ್ಮಪ್. ಕಾಂಪಿಟೀಷನ್ ಥರ ಮೂರೇ ಚಾನ್ಸ್, 37.5, 40, ಆಮೇಲೆ 41, ನಡುವೆ ನಾಲ್ಕೈದು ನಿಮಿಷ ಕೂತ್ಕೊಳ್ಳಿ. ಆ ಒಂದು ಕೆಜಿಗೆ ಅರ್ಧ ಕೆಜಿ ಪ್ಲೇಟ್ ಜೋಡಿ ಬೇಕು, ಜಿಮ್‌ನಲ್ಲಿ ಸಾಮಾನ್ಯವಾಗಿ ಇರಲ್ಲ, ನೀವೇ ತಗೊಂಡು ಬ್ಯಾಗಲ್ಲಿ ಇಟ್ಕೊಳ್ಳಿ. ಸ್ಕ್ವಾಟ್‌ನಲ್ಲಿ ಒಂದೇಟಿಗೆ ಐದು ಕೆಜಿ ಏರಿಸಬಹುದು, ರಟ್ಟೆಯ ಸಣ್ಣ ಮಸಲ್ ಅಷ್ಟಕ್ಕೆ ಬಗ್ಗಲ್ಲ.

ಟ್ರೇನಿಂಗ್ ವಾರಕ್ಕೆರಡು ದಿನ ಸಾಕು, ಒಂದಿನ ಗೋಡೆಗೆ ಒರಗಿ ಹೆವಿಯಾಗಿ ಮೂರು ಮೂರು ರೆಪ್ಸ್ (ಒಂದ್ಸಲ ಎತ್ತಿ ಇಳಿಸಿದ್ರೆ ಒಂದು ರೆಪ್), ಇನ್ನೊಂದಿನ ಹ್ಯಾಮರ್ ಕರ್ಲ್ (ಅಂಗೈಗಳು ಎದುರುಬದುರು), ರಿವರ್ಸ್ ಕರ್ಲ್ (ಅಂಗೈ ಕೆಳಮುಖ) ಹಗುರಾಗಿ. ಬೈಸೆಪ್ಸ್ ಕೆಳಗಿರೋ ಬ್ರೇಕಿಯಾಲಿಸ್, ಮುಂಗೈ ಮಸಲ್‌ಗೆ ಇವೇ ಕೆಲ್ಸ ಕೊಡೋದು. ಮ್ಯಾಕ್ಸ್, ಅಂದ್ರೆ ಒಂದೇ ಸಲ ಎತ್ತೋಕಾಗೋ ಅತೀ ಹೆಚ್ಚು ತೂಕ, ಮಾತ್ರ ವಾರ ವಾರ ಟೆಸ್ಟ್ ಮಾಡ್ಬೇಡಿ. ಮೊಣಕೈ ಮಡಚೋ ಜಾಗದಲ್ಲಿ ಚುಳುಕ್ ಅಂದ್ರೆ ಅವತ್ತು ಅಲ್ಲಿಗೇ ನಿಲ್ಸಿ, ‘ಟಕ್’ ಅಂತ ಸದ್ದು ಬಂದು ರಟ್ಟೆ ಆಕಾರನೇ ಬದಲಾದ್ರೆ ಟೆಂಡನ್ (ಮಸಲ್‌ನ ಮೂಳೆಗೆ ಕಟ್ಟೋ ನಾರು) ಹರಿದಿರಬಹುದು, ಎಣ್ಣೆ ನೀವಿಸ್ಕೊಂಡು ಕೂರದೆ ಅವತ್ತೇ ಮೂಳೆ ಡಾಕ್ಟರ್ ಹತ್ರ ಹೋಗಿ.

ವಿಡಿಯೋ ಎದುರಿಂದ ತೆಗೆದ್ರೆ ಪ್ರಯೋಜನ ಇಲ್ಲ. ಫೋನ್ ಪಕ್ಕದಲ್ಲಿ, ಸೊಂಟದ ಎತ್ತರದಲ್ಲಿ ಇಡಿ, ಗೋಡೆಗೂ ಬೆನ್ನಿಗೂ ನಡುವೆ ಬೆಳಕು ಕಂಡ್ರೆ ಗೊತ್ತಾಗ್ಬೇಕು.