ಗೊತ್ತಿದ್ರೂ ಬಾಯಿ ಮುಚ್ಕೊಂಡಿದ್ದ ಎರಡು ಶನಿವಾರ

ಫ್ಯಾಕ್ಟರಿಗೆ ಬೇಕಾದ ಅಚ್ಚು, ಉಪಕರಣ ಮಾಡೋ ಟೂಲ್ ರೂಮಲ್ಲೇ ಸರ್ವಿಸ್ ಮುಗಿಸಿ ರಿಟೈರ್ ಆದೋನು ನಾನು, ಜಾಲಹಳ್ಳಿ ಕಡೆ ಮನೆ. ಪಕ್ಕದ ಬೀದಿ ಹುಡುಗಿ, ಆಗ ಒಂಬತ್ತನೇ ಕ್ಲಾಸು, ಒಂದಿನ ಬಂದು "ಅಂಕಲ್, ನಿಮ್ಮತ್ರ ಬೆಂಚ್ ವೈಸ್ ಇದ್ಯಂತಲ್ಲ" ಅಂದ್ಲು. ಕೆಲಸದ ತುಂಡು ಬಿಗಿಯಾಗಿ ಹಿಡಿಯೋ ವೈಸ್ ಕೇಳೋಕೆ ಬಂದೋಳು ರೋಬೋ ಕಟ್ಟೋಕೆ ಅಂತ ಹಿಂದೆನೇ ಏಳು ಜನಾನ ಕರ್ಕೊಂಡು ಬಂದ್ಲು, ನಮ್ಮ ಕಾರ್ ಶೆಡ್ಡು ಹೋಯ್ತು, ಕಾರು ಈಗ ಬೀದಿಲಿ ನಿಲ್ಲುತ್ತೆ.

ಇವ್ರು ಆಡೋದು ಫಸ್ಟ್ ಟೆಕ್ ಚಾಲೆಂಜ್, ಮಕ್ಳೇ ರೋಬೋ ಕಟ್ಟಿ ಓಡಿಸೋ ಸ್ಪರ್ಧೆ, ಅಮೆರಿಕದಲ್ಲಿ ಡೀನ್ ಕೇಮೆನ್ 1989ರಲ್ಲಿ ಶುರು ಮಾಡಿದ ಫಸ್ಟ್ ಅನ್ನೋ ಸಂಸ್ಥೆದು. ಶಾಲೆ ಟೀಮೇ ಆಗ್ಬೇಕು ಅಂತೇನಿಲ್ಲ, ಏರಿಯಾ ಮಕ್ಳು ಸೇರ್ಕೊಂಡೂ ಮಾಡ್ಬೋದು, ಆದ್ರೆ ದೊಡ್ಡವ್ರು ಇಬ್ರು ಜೊತೇಲಿರಬೇಕು. ಅದಕ್ಕೆ ಟೆಲಿಫೋನ್ ಫ್ಯಾಕ್ಟರಿಲಿದ್ದ ನನ್ನ ಗೆಳೆಯನ್ನ ಎಳ್ಕೊಂಡ್ ಬಂದೆ. ಮ್ಯಾಚ್ ಶುರುವಾಗೋವಾಗ ರೋಬೋ 18 ಇಂಚಿನ ಡಬ್ಬಿಲಿ ಕೂರಬೇಕು, ಮೊದಲ 30 ಸೆಕೆಂಡ್ ಯಾರೂ ಮುಟ್ಟಂಗಿಲ್ಲ, ಪ್ರೋಗ್ರಾಮ್ ನೋಡ್ಕೊಂಡು ತಾನೇ ಓಡ್ಬೇಕು, ಆಮೇಲೆ 2 ನಿಮಿಷ ಮಕ್ಳು ಓಡಿಸ್ತಾರೆ. ಪೂರ್ತಿ ಫೀಲ್ಡಿಗೆ ಎರಡಡಿಯ ಫೋಮ್ ಟೈಲ್ 36 ಬೇಕು, ನಮ್ಮ ಶೆಡ್ಡಲ್ಲಿ ಹಿಡಿಸಿದ್ದು 15.

ಮೊದಲ ವರ್ಷ ನಾನು ಒಂದು ತಪ್ಪು ಮಾಡ್ದೆ. ಟೂರ್ನಮೆಂಟಿನ ಹಿಂದಿನ ರಾತ್ರಿ ವೈರಿಂಗ್ ನೋಡಿದ್ರೆ ಶ್ಯಾವಿಗೆ ತರ ಇತ್ತು, ನೋಡೋಕಾಗ್ದೆ ಮಕ್ಳು ಮನೆಗೆ ಹೋದ್ಮೇಲೆ ಒಂದೊಂದೇ ವೈರು ಬಿಚ್ಚಿ, ಅಳತೆಗೆ ಕತ್ತರಿಸಿ, ನಂಬರ್ ಸ್ಲೀವ್ ಹಾಕಿ, ಫ್ಯಾಕ್ಟರಿ ಪ್ಯಾನೆಲ್ ತರ ದಾರದಲ್ಲಿ ಸಾಲಾಗಿ ಕಟ್ಟಿ ಲೇಸಿಂಗ್ ಮಾಡ್ಬಿಟ್ಟೆ. ಬೆಳಿಗ್ಗೆ ಎಲ್ರೂ ಸೂಪರ್ ಅಂಕಲ್ ಅಂದ್ರು. ಜಡ್ಜ್‌ಗಳು ಮಕ್ಳನ್ನ ಕೂರಿಸ್ಕೊಂಡು ವೈರಿಂಗ್ ಚೆನ್ನಾಗಿದೆ, ಯಾರ್ ಮಾಡಿದ್ದು, ಹೇಗೆ ಪ್ಲಾನ್ ಮಾಡಿದ್ರಿ ಅಂತ ಕೇಳಿದ್ರಂತೆ. ಸುಳ್ಳು ಹೇಳೋ ಮಕ್ಳಲ್ಲ. "ಅಂಕಲ್" ಅಂದ್ರಂತೆ, ಅಷ್ಟೆ. ಆಮೇಲೆ ಮ್ಯಾಚ್ ಮಧ್ಯೆ ಒಂದು ವೈರು ಕಿತ್ಕೊಂಡಾಗ ಯಾವುದು ಎಲ್ಲಿಗೆ ಹೋಗುತ್ತೆ ಅಂತ ಅವ್ರಲ್ಲಿ ಒಬ್ರಿಗೂ ಗೊತ್ತಾಗ್ಲಿಲ್ಲ.

ಎರಡನೇ ವರ್ಷ ರೋಬೋ ಎಡಕ್ಕೆ ಎಳೀತಿತ್ತು, ಅದೂ ಒಂದ್ಸಲ ಸ್ವಲ್ಪ, ಒಂದ್ಸಲ ಜಾಸ್ತಿ. ಮಕ್ಳದು ಒಂದೇ ಮಾತು, ಕೋಡ್ ಸರಿ ಇಲ್ಲ. ಸಂಖ್ಯೆ ಬದಲಾಯ್ಸೋದು, ಓಡ್ಸೋದು, ಮತ್ತೆ ಬದಲಾಯ್ಸೋದು. ನಂಗೆ ಸದ್ದಿನಲ್ಲೇ ಗೊತ್ತಾಯ್ತು, ಮುಂದಿನ ಎಡ ಚಕ್ರದ ಹಬ್ಬು, ಅಂದ್ರೆ ಚಕ್ರನ ಶಾಫ್ಟಿಗೆ ಸೇರ್ಸೋ ನಡುಭಾಗ, ಶಾಫ್ಟ್ ಮೇಲೆ ಜಾರ್ತಿದೆ. ಹಬ್ ಹಿಡಿಯೋ ತಲೆ ಇಲ್ಲದ ಪುಟ್ಟ ಗ್ರಬ್ ಸ್ಕ್ರೂನ ಶಾಫ್ಟಿನ ಚಪ್ಪಟೆ ಭಾಗದ ಮೇಲೆ ಕೂರಿಸದೆ ದುಂಡು ಭಾಗದ ಮೇಲೆ ಬಿಗಿದ್ರೆ ಹಂಗೇ ಆಗೋದು, ಕೈಗೆ ಬಿಗಿಯಾಗೇ ಇರುತ್ತೆ, ಜೋರಾಗಿ ತಿರುಗಿದಾಗ ಜಾರುತ್ತೆ. ಅಲೆನ್ ಕೀ ಜೇಬಲ್ಲೇ ಇತ್ತು. ಎರಡು ಶನಿವಾರ ತುಟಿ ಕಚ್ಕೊಂಡು ಕೂತಿದ್ದೆ, ನಿಜವಾಗ್ಲೂ ಹಿಂಸೆ, ಗೆಳೆಯ ಬೇರೆ ಪಕ್ಕದಲ್ಲಿ ಕೂತ್ಕೊಂಡು ನಗೋನು.

ಮೂರನೇ ಶನಿವಾರ ತಡ್ಯಕ್ಕಾಗ್ದೆ ಒಂದೇ ಪ್ರಶ್ನೆ ಕೇಳ್ದೆ. ಸುತ್ತು ಎಣಿಸೋ ಸೆನ್ಸರ್ ಇದ್ಯಲ್ಲ, ಎನ್‌ಕೋಡರ್, ಅದು ಎಣಿಸ್ತಿರೋದು ಏನನ್ನ? "ಮೋಟರ್ ಸುತ್ತಿದ್ದನ್ನ" ಅಂದ ಕೋಡ್ ಬರಿಯೋ ಹುಡುಗ. ಚಕ್ರ ಸುತ್ತಿದ್ದನ್ನ? ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಆ ವೈಸ್ ಕೇಳಿದ್ ಹುಡುಗಿ ಸಿಡಿ ಮಾರ್ಕರ್ ತಗೊಂಡು ನಾಲ್ಕೂ ಚಕ್ರದಲ್ಲಿ ಶಾಫ್ಟಿಂದ ಹಬ್ ಮೇಲಕ್ಕೆ ಒಂದೊಂದು ಗೆರೆ ಎಳೆದ್ಲು, ಒಂದ್ಸಲ ಓಡಿಸಿ ಎತ್ತಿ ನೋಡಿದ್ರು, ಮೂರು ಗೆರೆ ನೆಟ್ಟಗಿತ್ತು, ಎಡಗಡೆದು ಮುರಿದು ಎರಡು ತುಂಡಾಗಿ ಅರ್ಧ ಇಲ್ಲಿ ಅರ್ಧ ಅಲ್ಲಿ. ಶೆಡ್ಡಲ್ಲಿ ಕಿರುಚಾಟ ನೋಡ್ಬೇಕಿತ್ತು. ಸ್ಕ್ರೂ ಬಿಚ್ಚಿ ಚಪ್ಪಟೆ ಮೇಲೆ ಕೂರಿಸಿ ಸ್ಕ್ರೂ ಸಡಿಲಾಗದಂಗೆ ಹಿಡಿಯೋ ಅಂಟು, ಥ್ರೆಡ್ ಲಾಕರ್, ಒಂದು ತೊಟ್ಟು ಹಾಕಿದ್ದೂ ಅವ್ರೇ.

ಎಲ್ಲಾ ಮುಗಿದ್ಮೇಲೆ ಅವಳು ನನ್ನ ಮುಖ ನೋಡಿ "ಅಂಕಲ್, ನಿಮಗೆ ಮೊದ್ಲೇ ಗೊತ್ತಿತ್ತಾ?" ಅಂದ್ಲು. ಹೂಂ ಅಂದೆ. ಎರಡು ದಿನ ನನ್ನತ್ರ ಮಾತಾಡ್ಲಿಲ್ಲ. ಮೂರನೇ ದಿನ ಬಂದು, ಸಿಡಿ ಮಾರ್ಕರ್ ಗೆರೆ ಅಳಿಸ್ಹೋಗುತ್ತೆ, ಬಿಳಿ ಪೇಂಟ್ ಇದ್ರೆ ಕೊಡಿ ಅಂದ್ಲು.