ಮನೆ ಒಂದೇ ದಿನದಲ್ಲಿ ಬಂತು, ನಾವು ಬರಲು ಒಂದೂವರೆ ವರ್ಷ ಬೇಕಾಯ್ತು

ಸಾಮಾನಿನ ಲಾರಿ ಬೆಳಿಗ್ಗೆ ಏಳಕ್ಕೆ ಹಳೆ ಮನೆ ಬಿಟ್ಟಿತು. ಮಧ್ಯಾಹ್ನ ಮೂರಕ್ಕೆಲ್ಲ ಹೊಸ ಮನೆಯಲ್ಲಿ ಮಂಚ ಜೋಡಿಸಿ ಆಗಿತ್ತು. ಅವತ್ತು ರಾತ್ರಿ ಮಲಗುವಾಗ ‘ಅಂತೂ ಬಂದ್ವಿ’ ಎಂದುಕೊಂಡೆ. ಮುಂದಿನ ವಾರ ಕನ್ನಡಕದ ತಿರುಪು ಸಡಿಲವಾಯಿತು. ಅದನ್ನು ಬಿಗಿ ಮಾಡಿಸಲು ರೈಲು ಹತ್ತಿ ಹಳೆ ಊರಿಗೇ ಹೋದೆ. ಅತ್ತೆಯ ಡಾಕ್ಟರು ಅಲ್ಲಿ, ಮಗಳ ಈಜು ಕ್ಲಾಸು ಅಲ್ಲಿ, ನಮ್ಮ ಬ್ಯಾಂಕು ಅಲ್ಲಿ. ಇಲ್ಲಿ ನಾವು ಮಲಗುತ್ತಿದ್ದೆವು, ಅಷ್ಟೇ.

ಮಹಾನಗರ ಬಿಟ್ಟು ಅದರ ಪಕ್ಕದ ಮಧ್ಯಮ ಗಾತ್ರದ ಉಪನಗರಕ್ಕೆ ಹೋಗೋಣ ಎಂದು ಯೋಚಿಸುತ್ತಿರುವವರು ಈಗ ಬಹಳ ಜನ ಸಿಗುತ್ತಾರೆ. ಅವರಿಗೆ ನಾವು ಏನು ಮಾಡಿದೆವು, ಏನನ್ನು ಮೊದಲೇ ಮಾಡಬೇಕಿತ್ತು ಎಂದು ಹೇಳಬೇಕು ಅನ್ನಿಸಿತು. ನಾವು ನಾಲ್ಕು ಜನ. ನಾನು, ನನ್ನ ಗಂಡ, ಎಂಟು ವರ್ಷದ ಮಗಳು, ಮಂಡಿ ನೋವಿನ ಅತ್ತೆ. ಹಳೆ ಮನೆ ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಅತ್ತೆ ವಾರಗಟ್ಟಲೆ ಕೆಳಗೆ ಇಳಿಯುತ್ತಿರಲಿಲ್ಲ. ನೆಲಮಹಡಿಯ ಮನೆ, ಮಗಳಿಗೆ ಒಂದು ಕೋಣೆ. ನಮಗೆ ಬೇಕಿದ್ದದ್ದು ಇಷ್ಟು. ನಗರದೊಳಗೆ ನಮ್ಮ ಕೈಗೆ ಎಟುಕುವಂಥದ್ದು ಸಿಗಲಿಲ್ಲ.

ಮಧ್ಯಮ ಗಾತ್ರ ಎಂದರೆ ಎಷ್ಟು? ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳೇ ಸೇರಿರುವ ಆರ್ಥಿಕ ಸಹಕಾರ ಸಂಸ್ಥೆ) 2012ರಲ್ಲಿ ಮಾಡಿದ ವಿಂಗಡಣೆಯಲ್ಲಿ 2 ಲಕ್ಷದಿಂದ 5 ಲಕ್ಷ ಜನ ಇರುವ ನಗರ ಪ್ರದೇಶ ಮಧ್ಯಮ ಗಾತ್ರದ್ದು. ಆದರೆ ಮನೆ ಹುಡುಕುವವರಿಗೆ ಈ ಲೆಕ್ಕಕ್ಕಿಂತ ಇನ್ನೊಂದು ವಿಷಯ ಮುಖ್ಯ. ಉಪನಗರಗಳಲ್ಲಿ ಎರಡು ಥರ ಇದೆ. ಒಂದು, ಮೊದಲಿನಿಂದ ತನ್ನದೇ ಊರಾಗಿದ್ದು, ಮಹಾನಗರ ಬೆಳೆದು ಬೆಳೆದು ಹತ್ತಿರ ಬಂದದ್ದು. ಅಲ್ಲಿ ಹಳೆ ಪೇಟೆ, ಆಸ್ಪತ್ರೆ, ಕಚೇರಿಗಳು ಎಲ್ಲ ಇರುತ್ತವೆ. ಇನ್ನೊಂದು, ನಗರದಲ್ಲಿ ದುಡಿಯುವವರಿಗೆ ಮಲಗಲು ಜಾಗ ಬೇಕು ಅಂತಲೇ ಕಟ್ಟಿದ್ದು. ಅಲ್ಲಿ ಮನೆಗಳೇ ಜಾಸ್ತಿ, ಉಳಿದದ್ದು ಆಮೇಲೆ ನಿಧಾನವಾಗಿ ಬರುತ್ತದೆ. ಕೆಲವು ಕಡೆ ಬರುವುದೇ ಇಲ್ಲ.

ಇದನ್ನು ಕಂಡುಹಿಡಿಯಲು ಒಂದು ಸುಲಭದ ದಾರಿ ಇದೆ. ವಾರದ ಮಧ್ಯೆ ಒಂದು ದಿನ ಬೆಳಿಗ್ಗೆ ಎಂಟೂವರೆಗೆ ಆ ಊರಿನ ರೈಲು ನಿಲ್ದಾಣದಲ್ಲೋ ಬಸ್ ನಿಲ್ದಾಣದಲ್ಲೋ ಅರ್ಧ ಗಂಟೆ ನಿಲ್ಲಿ. ಹತ್ತುವವರನ್ನು ಬಿಡಿ, ಇಳಿಯುವವರನ್ನು ನೋಡಿ. ಚೀಲ ಹಿಡಿದ ಹುಡುಗ ಹುಡುಗಿಯರು, ಯೂನಿಫಾರ್ಮ್ ಹಾಕಿದ ನರ್ಸುಗಳು, ಕಡತ ಹಿಡಿದವರು ಇಳಿಯುತ್ತಿದ್ದರೆ ಆ ಊರಿಗೆ ಅದರದ್ದೇ ಜೀವ ಇದೆ ಎಂದರ್ಥ. ನಾವು ನೋಡಿದ ಎರಡು ಊರುಗಳಲ್ಲಿ ಒಂದರಲ್ಲಿ ಇಳಿದವರು ಬೆರಳೆಣಿಕೆಯಷ್ಟು. ಮನೆ ಚೆನ್ನಾಗಿತ್ತು, ಬಿಟ್ಟುಬಿಟ್ಟೆವು. ಆ ನಿರ್ಧಾರದ ಬಗ್ಗೆ ನನಗೆ ಇವತ್ತಿಗೂ ಸಮಾಧಾನ ಇದೆ.

ಆದರೆ ಓಡಾಟದ ಲೆಕ್ಕದಲ್ಲಿ ಎಡವಿದೆವು. ಮನೆ ನೋಡಲು ಹೋಗಿದ್ದೆಲ್ಲ ಭಾನುವಾರ. ರಸ್ತೆ ಖಾಲಿ. ರೈಲಿನ ವೇಳಾಪಟ್ಟಿ ನೋಡಿದರೆ ಮೂವತ್ತೈದು ನಿಮಿಷ ಅಂತಿತ್ತು, ನಾವೂ ನಂಬಿದೆವು. ಮೊದಲ ಸೋಮವಾರ ಮನೆ ಬಾಗಿಲಿಗೆ ಬೀಗ ಹಾಕಿದ ಹೊತ್ತಿನಿಂದ ಕಚೇರಿಯ ಕುರ್ಚಿಯಲ್ಲಿ ಕೂರುವ ತನಕ ಗಡಿಯಾರ ನೋಡಿದೆ. ಒಂದು ಗಂಟೆ ಇಪ್ಪತ್ತೈದು ನಿಮಿಷ. ನಿಲ್ದಾಣದ ತನಕ ನಡಿಗೆ, ಪ್ಲಾಟ್‌ಫಾರ್ಮಿನಲ್ಲಿ ಕಾಯುವುದು, ಅಲ್ಲಿ ಇಳಿದು ಬಸ್ಸು. ಇದ್ಯಾವುದೂ ವೇಳಾಪಟ್ಟಿಯಲ್ಲಿ ಇರಲಿಲ್ಲ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಮಾತು ಬರೆದಿದ್ದರು: ಯಾವ ಕಾಲದಲ್ಲೇ ಆಗಲಿ, ಮನುಷ್ಯರು ದಿನಕ್ಕೆ ಸರಾಸರಿ ಒಂದು ಗಂಟೆ ಓಡಾಟಕ್ಕೆ ಕೊಡುತ್ತಾರೆ ಎಂದು. ನನ್ನದು ಹತ್ತಿರ ಹತ್ತಿರ ಮೂರು ಗಂಟೆಯಾಗಿತ್ತು.

ಅಭ್ಯಾಸ ಆಗುತ್ತದೆ ಎಂದು ಎಲ್ಲರೂ ಸಮಾಧಾನ ಹೇಳಿದರು. ನನಗೆ ಆಗಲಿಲ್ಲ. ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೋ ಫ್ರೈ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಜರ್ಮನಿಯ ಸಮೀಕ್ಷೆಯೊಂದರ ಮಾಹಿತಿ ಹಿಡಿದು 2008ರಲ್ಲಿ ಪ್ರಕಟಿಸಿದ ಲೇಖನ ಆಮೇಲೆ ಓದಿದೆ. ಓಡಾಟದ ಸಮಯ ಹೆಚ್ಚಾದಷ್ಟೂ ಜನ ತಮ್ಮ ಬದುಕಿನ ಬಗ್ಗೆ ಹೇಳಿಕೊಳ್ಳುವ ತೃಪ್ತಿ ಕಡಿಮೆ. ಒಳ್ಳೆ ಮನೆ, ಜಾಸ್ತಿ ಸಂಬಳ ಆ ನಷ್ಟವನ್ನು ಪೂರ್ತಿ ತುಂಬುವುದಿಲ್ಲ ಎಂಬುದು ಅದರ ಸಾರ. ಓದಿದಾಗ ನನ್ನದೇ ಕಥೆ ಅನ್ನಿಸಿತು. ಮನೆ ನೋಡುವಾಗ ಕೋಣೆಯ ಉದ್ದ ಅಗಲ ಎದುರಿಗೇ ಕಾಣುತ್ತದೆ. ಸಂಜೆ ಹೋಗುವ ಗಂಟೆ ಕಣ್ಣಿಗೆ ಬೀಳುವುದಿಲ್ಲ, ಅಲ್ವಾ?

ಒಂದು ರಾತ್ರಿ ಮರೆಯಲಾರೆ. ಕಚೇರಿಯಲ್ಲಿ ತಡವಾಯಿತು. ರೈಲಿಳಿದಾಗ ಒಂಬತ್ತೂ ಇಪ್ಪತ್ತು. ನಮ್ಮ ಬಡಾವಣೆಯ ಕೊನೆ ಬಸ್ಸು ಒಂಬತ್ತೂ ಹತ್ತಕ್ಕೇ ಹೊರಟಿತ್ತು. ತಂಗುದಾಣದ ಕಲ್ಲುಬೆಂಚಿನ ಮೇಲೆ ಯಾರೋ ಮರೆತುಹೋದ ಒಂದು ಕೊಡೆ ಬಿಟ್ಟರೆ ಏನೂ ಇರಲಿಲ್ಲ. ಎದುರಿನ ಅಂಗಡಿಗಳ ಶಟರ್ ಇಳಿದಿದ್ದವು. ಮಹಾನಗರದಲ್ಲಿ ಆ ಹೊತ್ತಿಗೆ ರಸ್ತೆ ದಾಟಲು ಕಾಯಬೇಕು. ಇಲ್ಲಿ ನನ್ನ ಚಪ್ಪಲಿಯ ಸದ್ದು ನನಗೇ ಕೇಳುತ್ತಿತ್ತು. ಇವರು ಬಂದು ಕರೆದುಕೊಂಡು ಹೋಗುವ ತನಕ ದೀಪದ ಕಂಬದ ಕೆಳಗೇ ನಿಂತಿದ್ದೆ.

ಮಾರನೇ ದಿನವೇ ಕೂತು ಮಾತಾಡಿದೆವು. ನಾನು ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಕಚೇರಿಯಲ್ಲಿ ಒಪ್ಪಿಗೆ ಕೇಳಿದೆ, ಕೊಟ್ಟರು. ಉಳಿದ ಮೂರು ದಿನ ಒಂದು ಗಂಟೆ ಮುಂಚೆ ಹೊರಟು ಒಂದು ಗಂಟೆ ಮುಂಚೆ ಬರುತ್ತೇನೆ. ಆ ಹೊತ್ತಿನ ರೈಲಿನಲ್ಲಿ ಕೂರಲು ಜಾಗ ಸಿಗುತ್ತದೆ, ಬಸ್ಸೂ ತಪ್ಪುವುದಿಲ್ಲ. ಈ ಒಪ್ಪಿಗೆಯನ್ನು ಮನೆ ಬದಲಿಸುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ನನಗೆ ಸಿಕ್ಕಿದ್ದು ಅದೃಷ್ಟ, ಎಲ್ಲರಿಗೂ ಸಿಗುತ್ತದೆ ಎಂದಿಲ್ಲ.

ಆಸ್ಪತ್ರೆಯ ವಿಷಯ ಇದಕ್ಕಿಂತ ದೊಡ್ಡದು. ಬೋರ್ಡಿನಲ್ಲಿ ‘24 ಗಂಟೆ’ ಎಂದಿದ್ದರೆ ಸಾಲದು. ಬಂದ ಎರಡನೇ ತಿಂಗಳಲ್ಲಿ ಅತ್ತೆಗೆ ನಡುರಾತ್ರಿ ಉಸಿರು ಕಟ್ಟಿದಂತಾಯಿತು. ಹತ್ತಿರದ ಆಸ್ಪತ್ರೆಗೆ ಓಡಿದೆವು. ಅಲ್ಲಿ ಆ ಹೊತ್ತಿಗೆ ಹೃದಯದ ಡಾಕ್ಟರು ಇರಲಿಲ್ಲ, ಇನ್ನೊಂದು ಕಡೆ ಕಳಿಸಿದರು. ಪುಣ್ಯಕ್ಕೆ ದೊಡ್ಡದೇನೂ ಆಗಿರಲಿಲ್ಲ. ಚೇತರಿಸಿಕೊಂಡ ಮೇಲೆ ಊರಿನ ಮೂರು ಆಸ್ಪತ್ರೆಗಳಿಗೆ ನಾನೇ ಹೋಗಿ ಕೇಳಿ ಬಂದೆ. ರಾತ್ರಿ ಯಾವ ಯಾವ ಡಾಕ್ಟರು ಇರುತ್ತಾರೆ, ಇಸಿಜಿ ಮಾಡುತ್ತಾರಾ, ಆಂಬುಲೆನ್ಸ್ ಅವರದ್ದೇ ಇದೆಯಾ. ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿದ್ದೇನೆ. ಆಮೇಲೆ ಒಂದು ರಾತ್ರಿ ಹನ್ನೊಂದಕ್ಕೆ ನಾವಿಬ್ಬರೂ ಆ ದಾರಿಯಲ್ಲಿ ಸುಮ್ನೆ ಒಮ್ಮೆ ಹೋಗಿ ಬಂದೆವು. ರೈಲ್ವೆ ಗೇಟು ಹಾಕಿದ್ದರೆ ಯಾವ ಕಡೆಯಿಂದ ಸುತ್ತಬೇಕು ಎಂಬುದು ಅವತ್ತೇ ಗೊತ್ತಾಗಿದ್ದು. ವಯಸ್ಸಾದವರು ಮನೆಯಲ್ಲಿದ್ದರೆ ಈ ಕೆಲಸವನ್ನು ದಯವಿಟ್ಟು ಲಾರಿ ಬರುವ ಮುಂಚೆಯೇ ಮಾಡಿ.

ವಿಳಾಸ ಬದಲಾವಣೆ, ಗ್ಯಾಸು, ಇಂಟರ್ನೆಟ್ಟು ಇವೆಲ್ಲ ತಾವಾಗಿಯೇ ಆದವು. ಒಂದು ತಿಂಗಳ ಕಿರಿಕಿರಿ, ಅಷ್ಟೇ.

ಜನ ಸಿಗುವುದಕ್ಕೆ ಮಾತ್ರ ತಡವಾಯಿತು. ಮೊದಲ ಆರು ತಿಂಗಳು ನನಗೆ ಇಲ್ಲಿ ಹೆಸರು ಗೊತ್ತಿದ್ದದ್ದು ಇಬ್ಬರದ್ದು. ಶನಿವಾರ ಬಂದರೆ ಸಾಕು, ಹಳೆ ಗೆಳತಿಯರ ಹತ್ತಿರ ಓಡುತ್ತಿದ್ದೆ. ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಊರಿಗೆ ಬಂದು ಆರು ತಿಂಗಳೊಳಗಿನವರನ್ನೂ ಮಾತಾಡಿಸಿದ್ದಾರೆ. ಪರಿಚಯ ಗೆಳೆತನದ ಕಡೆ ತಿರುಗಲು ಸುಮಾರು 50 ಗಂಟೆ ಜೊತೆಯಾಗಿ ಕಳೆಯಬೇಕು, ಆಪ್ತ ಗೆಳೆತನಕ್ಕೆ 200ಕ್ಕಿಂತ ಜಾಸ್ತಿ ಬೇಕು ಎನ್ನುತ್ತದೆ ಅದು. ಶನಿವಾರಗಳನ್ನೆಲ್ಲ ಬೇರೆ ಊರಲ್ಲಿ ಕಳೆದರೆ ಈ 50 ಗಂಟೆ ಎಲ್ಲಿಂದ ಬರಬೇಕು?

ದಾರಿ ತೋರಿಸಿದ್ದು ಅತ್ತೆ. ನೆಲಮಹಡಿಗೆ ಬಂದ ಮೇಲೆ ಅವರು ಸಂಜೆ ಐದಕ್ಕೆ ಗೇಟಿನ ಹೊರಗಿನ ಕಟ್ಟೆಯ ಮೇಲೆ ಕೂರತೊಡಗಿದರು. ದಿನವೂ ಅದೇ ಹೊತ್ತು, ಅದೇ ಜಾಗ. ಮೂರೇ ತಿಂಗಳಲ್ಲಿ ಬೀದಿಯ ಅರ್ಧ ಜನ ಅವರಿಗೆ ಗೊತ್ತು. “ನೀನು ದಿನಾ ಒಂದೊಂದು ಹೊತ್ತಿಗೆ ಹೋಗ್ತೀಯಮ್ಮ, ಯಾರಾದ್ರೂ ನಿನ್ನನ್ನು ಹೇಗೆ ಗುರುತು ಹಿಡೀಬೇಕು?” ಎಂದರು ಒಂದು ದಿನ. ಆ ಮಾತು ನನ್ನ ಮನಸ್ಸಿಗೆ ನಾಟಿತು. ವಾರಕ್ಕೆ ನಾಲ್ಕು ಸಂಜೆ ಆರೂಕಾಲಿಗೆ ಕೆರೆ ಸುತ್ತ ನಡೆಯಲು ಹೊರಟೆ, ಮಗಳನ್ನೂ ಕರೆದುಕೊಂಡು. ಬುಧವಾರ ಗ್ರಂಥಾಲಯ. ಮೂರನೇ ವಾರ ಒಬ್ಬರು ತಲೆಯಾಡಿಸಿದರು. ಐದನೇ ವಾರ “ನಿನ್ನೆ ಕಾಣಲಿಲ್ವಲ್ಲ” ಎಂದರು. ಈಗ ಅವರ ಮನೆಯ ಬೀಗದ ಕೈ ನಮ್ಮ ಹತ್ತಿರ ಇದೆ, ನಮ್ಮದು ಅವರ ಹತ್ತಿರ.

ಅದೇ ಸಮಯದಲ್ಲಿ ಒಂದು ನೋಟ್‌ಬುಕ್ ತೆಗೆದೆ. ಯಾವ ಯಾವ ಕೆಲಸಕ್ಕೆ ಇನ್ನೂ ಹಳೆ ಊರಿಗೆ ಹೋಗುತ್ತಿದ್ದೇವೆ ಎಂದು ನಾಲ್ಕೂ ಜನ ಕೂತು ಬರೆದೆವು. ಹದಿನಾಲ್ಕು ಬಂತು. ತಿಂಗಳಿಗೆ ಒಂದನ್ನು ಇಲ್ಲಿಗೆ ತರುವುದು ಎಂದು ಗೊತ್ತು ಮಾಡಿಕೊಂಡೆವು. ಮೊದಲು ಸುಲಭದವು: ಕನ್ನಡಕ, ಹೊಲಿಗೆ, ತಲೆಕೂದಲು. ಆಮೇಲೆ ಬ್ಯಾಂಕು, ಈಜು. ಅತ್ತೆಯ ಡಾಕ್ಟರನ್ನು ಬದಲಿಸಲು ಐದು ತಿಂಗಳು ಹಿಡಿಯಿತು, ಯಾಕೆಂದರೆ ಹತ್ತು ವರ್ಷದ ನಂಬಿಕೆ. ಹಳೆ ಡಾಕ್ಟರ ಹತ್ತಿರವೇ ಹೋಗಿ ಎಲ್ಲ ವರದಿಗಳ ಪ್ರತಿ, ಮಾತ್ರೆಗಳ ವಿವರ, ಒಂದು ಪತ್ರ ಬರೆಸಿಕೊಂಡು ಬಂದೆವು. ಹೊಸ ಡಾಕ್ಟರು ಆ ಪತ್ರವನ್ನು ಎರಡು ಸಲ ಓದಿದರು. ಅತ್ತೆ ಅದನ್ನು ನೋಡಿಯೇ ಒಪ್ಪಿದರು.

ಪ್ರತಿ ಸಾಲು ಹೊಡೆದು ಹಾಕುವುದು ಮಗಳ ಕೆಲಸ. ಹಸಿರು ಪೆನ್ನಿನಲ್ಲಿ, ಸ್ಕೇಲ್ ಇಟ್ಟು ಗೆರೆ ಎಳೆಯುತ್ತಾಳೆ. ಹದಿನೆಂಟು ತಿಂಗಳಿಗೆ ಹನ್ನೆರಡು ಗೆರೆ ಬಿದ್ದಿವೆ. ಉಳಿದದ್ದು ಎರಡು. ಒಂದು, ನನ್ನ ಹಲ್ಲಿನ ಡಾಕ್ಟರು. ಇನ್ನೊಂದು ಮಗಳೇ ಬರೆಸಿದ್ದು, ಅವಳ ಹಳೆ ಶಾಲೆಯ ಗೆಳತಿಯ ಮನೆ. ಅದಕ್ಕೆ ಗೆರೆ ಎಳೆಯಬೇಡ ಎಂದು ಹೇಳಿದ್ದೇನೆ. ತಿಂಗಳಿಗೊಂದು ಭಾನುವಾರ ಬೆಳಗಿನ ರೈಲಿಗೆ ಅವಳ ಜೊತೆ ನಾನೂ ಹೋಗುತ್ತೇನೆ.